ಖಾಲಿ ಕೈ ಆಡಿಸಿದರೆ ಪರದೆಯಲ್ಲಿ ಗಾಳಿಪಟ: ಕಂಪ್ಯೂಟರ್ ನಿಮ್ಮ ಬಾಲ್ಯವನ್ನು ಓದುತ್ತದೆಯೇ?

ಗೋಡೆಯ ಮೇಲೆ ದೊಡ್ಡ ಪರದೆ. ಮುಂದೆ ನಿಂತವರು ಖಾಲಿ ಕೈಯನ್ನು ಗಾಳಿಯಲ್ಲಿ ಆಡಿಸುತ್ತಾರೆ, ಪರದೆಯಲ್ಲಿ ಬುಗುರಿ ತಿರುಗುತ್ತದೆ ಅಥವಾ ಗಾಳಿಪಟ ಏರುತ್ತದೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಹೀಗೊಂದು ಒಕ್ಕಣೆಯೂ ಇರಬಹುದು: ‘ಎಐ ನಿಮ್ಮ ಮನಸ್ಸಿನಲ್ಲಿರುವ ಬಾಲ್ಯವನ್ನು ಓದಿ ತೋರಿಸುತ್ತದೆ, ಹಿರಿಯರ ಮರೆವಿನ ಕಾಯಿಲೆಯೂ ವಾಸಿಯಾಗುತ್ತದೆ.’

ವಿಡಿಯೋ ನಿಜವಿರಬಹುದು, ಒಕ್ಕಣೆ ನಿಜವಲ್ಲ. ಇಂಥದ್ದೊಂದು ಗಾಳಿಪಟವನ್ನು ನಾನೇ ಮಾಡಿದ್ದೇನೆ. ಹಾಗಾಗಿ ಒಳಗೆ ಏನಿದೆ ಎಂದು ಬಿಡಿಸಿ ಹೇಳಬಲ್ಲೆ.

ಕ್ಯಾಮೆರಾಗೆ ಕಾಣುವುದು ಏನು?

ಬೇಕಾಗುವ ಸಾಮಾನು ಬಹಳ ಕಡಿಮೆ. ಒಂದು ಲ್ಯಾಪ್‌ಟಾಪ್, ಅದರಲ್ಲೇ ಇರುವ ಕ್ಯಾಮೆರಾ, ಗೂಗಲ್ ಉಚಿತವಾಗಿ ಕೊಡುವ ಮೀಡಿಯಾಪೈಪ್ ಎಂಬ ತಂತ್ರಾಂಶ. ಇದು ಮೊದಲು ಚಿತ್ರದಲ್ಲಿ ಅಂಗೈ ಎಲ್ಲಿದೆ ಎಂದು ಹುಡುಕುತ್ತದೆ. ಬೆರಳುಗಳು ಮಡಚುತ್ತವೆ, ಒಂದರ ಹಿಂದೆ ಒಂದು ಅಡಗುತ್ತವೆ. ಅಂಗೈಯ ಆಕಾರ ಅಷ್ಟೊಂದು ಬದಲಾಗುವುದಿಲ್ಲ, ಆದ್ದರಿಂದ ಅದನ್ನು ಹುಡುಕುವುದು ಸುಲಭ. ಅಂಗೈ ಸಿಕ್ಕ ಮೇಲೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕೈಯ ಮೇಲೆ 21 ಚುಕ್ಕಿ ಗುರುತಿಸುತ್ತದೆ. ಮಣಿಕಟ್ಟಿಗೆ ಒಂದು, ಐದು ಬೆರಳಿಗೆ ತಲಾ ನಾಲ್ಕು. ಸುಮಾರು 30 ಸಾವಿರ ಚಿತ್ರಗಳಲ್ಲಿ ಮನುಷ್ಯರೇ ಕೂತು ಈ ಚುಕ್ಕಿಗಳನ್ನು ಗುರುತು ಮಾಡಿ ಕಲಿಸಿದ್ದರಿಂದ ಅದಕ್ಕೆ ಈ ವಿದ್ಯೆ ಬಂದಿದೆ.

ಅಷ್ಟೇ. ಹೆಬ್ಬೆರಳ ತುದಿ ಮತ್ತು ತೋರುಬೆರಳ ತುದಿ ಹತ್ತಿರ ಬಂದರೆ ‘ದಾರ ಹಿಡಿದಿದ್ದಾರೆ’ ಎಂದುಕೊಳ್ಳಬೇಕು, ದೂರವಾದರೆ ‘ಬಿಟ್ಟಿದ್ದಾರೆ’ ಎಂದುಕೊಳ್ಳಬೇಕು ಎಂದು ನಾನು ಬರೆದಿಟ್ಟಿದ್ದೆ. ಆ ಚುಕ್ಕಿಗಳಲ್ಲಿ ನಿಮ್ಮ ಊರಿಲ್ಲ, ಆಷಾಢದ ಗಾಳಿಯಿಲ್ಲ. ನೀವು ದಾರ ಹಿಡಿದಿದ್ದೀರೋ ಉಪ್ಪು ಉದುರಿಸುತ್ತಿದ್ದೀರೋ ಎಂಬುದೂ ಅದಕ್ಕೆ ತಿಳಿಯದು.

ಈ ಕಲೆ ಹೊಸದೂ ಅಲ್ಲ. ಅಮೆರಿಕದ ಮೈರನ್ ಕ್ರೂಗರ್ 1970ರ ದಶಕದಲ್ಲೇ ‘ವಿಡಿಯೋಪ್ಲೇಸ್’ ಎಂಬ ಕೆಲಸದಲ್ಲಿ, ನೋಡುಗರ ನೆರಳಿನಂಥ ಆಕೃತಿ ಪರದೆಯ ಮೇಲಿನ ಚಿತ್ರಗಳ ಜೊತೆ ಆಡುವಂತೆ ಮಾಡಿದ್ದರು. 1999ರ ‘ಟೆಕ್ಸ್ಟ್ ರೇನ್’ನಲ್ಲಿ ಮಳೆಯಂತೆ ಬೀಳುವ ಅಕ್ಷರಗಳನ್ನು ಜನ ಕೈಯಲ್ಲಿ, ಕೊಡೆಯಲ್ಲಿ ಹಿಡಿಯುತ್ತಿದ್ದರು. ಆಗ ಮನಸ್ಸು ಓದುವ ಎಐ ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ನನ್ನ ವಿಡಿಯೋ ಎಲ್ಲಿಗಾದರೂ ಹೋಗುತ್ತದೆಯೇ ಎಂದು ಕೇಳಿದರೆ ಅದು ಸರಿಯಾದ ಪ್ರಶ್ನೆ. ಮೀಡಿಯಾಪೈಪ್ ಲೆಕ್ಕವನ್ನು ನಿಮ್ಮ ಯಂತ್ರದಲ್ಲೇ ಮಾಡಬಲ್ಲದು. ಪುಟ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ ಕೈ ಆಡಿಸಿ. ಆಟ ನಡೆಯುತ್ತಿದ್ದರೆ ಕೆಲಸ ಒಳಗೇ ಆಗುತ್ತಿದೆ ಎಂದರ್ಥ. ಆದರೆ ಚಿತ್ರವನ್ನು ಉಳಿಸಿಕೊಂಡು ಆಮೇಲೆ ಕಳಿಸುವುದಿಲ್ಲ ಎಂಬುದಕ್ಕೆ ಇದು ಪುರಾವೆಯಲ್ಲ. ಗೊತ್ತಿಲ್ಲದ ಲಿಂಕ್‌ಗೆ ಕ್ಯಾಮೆರಾ ಅನುಮತಿ ಕೊಡಬೇಡಿ.

ಮರೆವು ವಾಸಿಯಾಗುತ್ತದೆಯೇ?

ಇಲ್ಲ. ಮನೆಯ ಹಂಬಲವನ್ನೇ ಒಂದು ಕಾಲದಲ್ಲಿ ಕಾಯಿಲೆ ಎನ್ನುತ್ತಿದ್ದರು. 1688ರಲ್ಲಿ ಯೋಹಾನ್ಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ, ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಪದ ಸೇರಿಸಿ ಅದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಈಗಿನ ಮನೋವಿಜ್ಞಾನಿಗಳು ಹಾಗೆ ಹೇಳುವುದಿಲ್ಲ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರ ಅಧ್ಯಯನಗಳ ಪ್ರಕಾರ, ಒಂಟಿತನ ಕಾಡಿದಾಗ ಜನ ಹೆಚ್ಚಾಗಿ ಹಳೆಯದನ್ನು ನೆನೆಯುತ್ತಾರೆ, ನೆನೆದ ಮೇಲೆ ತಮ್ಮವರು ಇದ್ದಾರೆ ಎಂಬ ಭಾವ ಬಲವಾಗುತ್ತದೆ. ದೇಹಕ್ಕೂ ಇದರಲ್ಲಿ ಪಾತ್ರವಿದೆ. ಒಂದು ಘಟನೆ ನಡೆದಾಗ ಇದ್ದ ಭಂಗಿಯಲ್ಲೇ ಈಗಲೂ ಇದ್ದರೆ ಅದು ಬೇಗ ನೆನಪಾಗುತ್ತದೆ ಎಂದು 2007ರ ಒಂದು ಪ್ರಯೋಗ ತೋರಿಸಿತ್ತು.

ಮರೆವಿನ ಕಾಯಿಲೆ ಬೇರೆ ಮಾತು. ಹಳೆಯ ವಸ್ತು, ಫೋಟೋ ಮುಂದಿಟ್ಟು ಹಿರಿಯರಿಂದ ಮಾತಾಡಿಸುವ ಪದ್ಧತಿಯ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಕೊಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಕೆಲವು ಕಡೆ ಪ್ರಯೋಜನವಿದೆ, ಆದರೆ ಅದು ಬಹಳಷ್ಟು ಸಲ ಚಿಕ್ಕದು, ಎಲ್ಲ ಕಡೆ ಒಂದೇ ರೀತಿ ಇಲ್ಲ ಎಂದಿತು. ‘ವಾಸಿ’ ಎಂಬ ಮಾತು ಅದರಲ್ಲಿಲ್ಲ. ಮನೆಯಲ್ಲಿ ಯಾರಿಗಾದರೂ ಮರೆವು ಹೆಚ್ಚುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಇನ್ನು ನನ್ನ ಗಾಳಿಪಟ. ಅದನ್ನು ಮಾಡಿದ್ದೇ ದೊಡ್ಡಪ್ಪನಿಗಾಗಿ. ಹುಡುಗರಾಗಿದ್ದಾಗ ಅವರು ಹಳೇ ಪೇಪರ್, ತೆಂಗಿನ ಕಡ್ಡಿ, ಅನ್ನದ ಅಗುಳಿನಿಂದ ಪಟ ಮಾಡಿ ಬೀದಿಯವರಿಗೆಲ್ಲ ಹಂಚುತ್ತಿದ್ದವರು. ನನ್ನ ಗೆಳತಿಯರ ಕೈಗೆಲ್ಲ ಚೆನ್ನಾಗಿ ಹಾರಿದ ಪಟ ಅವರ ಕೈಗೆ ಏಳಲೇ ಇಲ್ಲ. ಸಂಧಿವಾತದಿಂದ ಅವರ ಬೆರಳ ತುದಿಗಳು ಕೂಡುವುದಿಲ್ಲ, ನಾನು ಇಟ್ಟಿದ್ದ ಅಳತೆ ಇಪ್ಪತ್ತೈದರ ಬೆರಳಿನದು. ಮೂರು ಸಲ ನೋಡಿ ಅವರು ಕೈ ಇಳಿಸಿದರು. ‘ನನ್ನ ಕೈಗೆ ಇದು ಆಗಲ್ಲ ಬಿಡಮ್ಮ’ ಅಂದರು. ಆ ಸಂಜೆ ನನಗೆ ನಿಜವಾಗಿ ಬೇಜಾರಾಯಿತು. ತಪ್ಪು ಅವರ ಕೈಯದಲ್ಲ, ನನ್ನ ಲೆಕ್ಕದ್ದು.

ಆಮೇಲೆ ಅವರನ್ನೇ ಕೇಳಿದೆ, ಪಟ ಹೇಗೆ ಏರಿಸ್ತಿದ್ರಿ ಅಂತ. ಅವರು ಕೂತಲ್ಲೇ ತೋರಿಸಿದರು. ಬೆರಳಿಗೆ ಅಲ್ಲಿ ಕೆಲಸವೇ ಕಡಿಮೆ! ಮಣಿಕಟ್ಟನ್ನು ಜಗ್ಗುವುದು, ಸಡಿಲ ಬಿಡುವುದು, ಮತ್ತೆ ಜಗ್ಗುವುದು. ನಾನು ಬೆರಳಿನ ಲೆಕ್ಕ ಅಳಿಸಿ, ಮಣಿಕಟ್ಟಿನ ಚುಕ್ಕಿ ಎಷ್ಟು ಬೇಗ ಕೆಳಗೆ ಬರುತ್ತದೆ ಎಂಬುದನ್ನು ಮಾತ್ರ ಇಟ್ಟುಕೊಂಡೆ. ಆ ದೂರವನ್ನು ಅಂಗೈಯ ಉದ್ದದಿಂದ ಭಾಗಿಸಿದೆ. ಇಲ್ಲದಿದ್ದರೆ ಕ್ಯಾಮೆರಾದಿಂದ ದೂರ ಕೂತವರು ಎಷ್ಟು ಜಗ್ಗಿದರೂ ಕಡಿಮೆ ಎಂದೇ ಕಾಣುತ್ತದೆ. ಚುಕ್ಕಿಗಳು ನಡುಗದಿರಲಿ ಎಂದು ಕೆಲವು ಚಿತ್ರಗಳ ಸರಾಸರಿ ತೆಗೆದೆ, ಬೆನ್ನ ಹಿಂದಿನ ಕಿಟಕಿಗೆ ಪರದೆ ಎಳೆದೆ. ಹಿಂದಿನಿಂದ ಬೆಳಕು ಬಿದ್ದರೆ ಕೈ ಬರೀ ಕಪ್ಪಾಗಿ ಕಾಣುತ್ತದೆ. ಕೈ ಎತ್ತಿ ನಿಂತರೆ ಎರಡೇ ನಿಮಿಷಕ್ಕೆ ತೋಳು ಸೋಲುತ್ತದೆ, ಅದಕ್ಕೆ ಕುರ್ಚಿ ಹಾಕಿ ಮೊಣಕೈ ಊರಲು ಜಾಗ ಮಾಡಿದೆ.

ಎರಡನೇ ಸಲ ಪಟ ಎದ್ದಿತು. ದೊಡ್ಡಪ್ಪ ಮಾತಾಡದೆ ಬಹಳ ಹೊತ್ತು ಜಗ್ಗಿದರು. ನಂತರ ತಮ್ಮ ಅಣ್ಣನ ಬಗ್ಗೆ ಹೇಳಿದರು. ಅಣ್ಣನೊಬ್ಬ ಇದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ದಾರಕ್ಕೆ ಸೂತ್ರ ಕಟ್ಟುವುದನ್ನು ಕಲಿಸಿದ್ದು ಆತನಂತೆ. ಅಷ್ಟು ಹೇಳಿ ಪರದೆ ನೋಡಿ, ‘ಬಾಲಂಗೋಚಿ ಎಲ್ಲಮ್ಮ? ಬಾಲ ಇಲ್ಲದ ಪಟ ಹೀಗೆ ನೆಟ್ಟಗೆ ಹಾರಲ್ಲ, ಗಿರಗಿರ ಸುತ್ತಿ ಬಿದ್ದುಬಿಡತ್ತೆ’ ಅಂದರು.

ಅವತ್ತು ರಾತ್ರಿಯೇ ಬಾಲ ಸೇರಿಸಿದೆ.