ಹಳ್ಳಿ ನಿಲ್ದಾಣದ ಹೂದೋಟ

ಇಂಗ್ಲೆಂಡಿನ ಹಳ್ಳಿ ರೈಲು ನಿಲ್ದಾಣಗಳಿಗೂ ಹೂದೋಟಕ್ಕೂ ಇರುವ ನಂಟು ನೂರು ವರ್ಷಕ್ಕೂ ಹಳೆಯದು. ದಿನಕ್ಕೆ ಕೆಲವೇ ರೈಲುಗಳು ಬರುತ್ತಿದ್ದ ಊರುಗಳಲ್ಲಿ ಸ್ಟೇಷನ್ ಮಾಸ್ಟರಿಗೂ ಪೋರ್ಟರಿಗೂ ನಡುನಡುವೆ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಅವರು ಪ್ಲಾಟ್‌ಫಾರ್ಮಿನ ಅಂಚಿಗೆ ಗುಲಾಬಿ ನೆಟ್ಟರು. ರೈಲ್ವೆ ಕಂಪೆನಿಗಳು ಚೆಂದದ ನಿಲ್ದಾಣಗಳಿಗೆ ಬಹುಮಾನ ಕೊಟ್ಟು ಹುರಿದುಂಬಿಸಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿಯ ಪಕ್ಕದ ನೆಲದಲ್ಲಿ ತರಕಾರಿಯೂ ಬೆಳೆಯಿತು.

ಈ ತೋಟಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರ ನಂತರ. ಆ ವರ್ಷದ ಮಾರ್ಚ್‌ನಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ನೀಡಿದ ವರದಿ, ನಷ್ಟದ ಲೆಕ್ಕ ತೋರಿಸಿ 2,363 ನಿಲ್ದಾಣಗಳನ್ನೂ ಸುಮಾರು 8,000 ಕಿ.ಮೀ. ಮಾರ್ಗವನ್ನೂ ಮುಚ್ಚಲು ಸೂಚಿಸಿತು. ಎಲ್ಲವೂ ಮುಚ್ಚಲಿಲ್ಲವಾದರೂ ಹೆಚ್ಚಿನವು ಮುಚ್ಚಿದವು. ಉಳಿದ ಎಷ್ಟೋ ಸಣ್ಣ ನಿಲ್ದಾಣಗಳಿಂದ ಸಿಬ್ಬಂದಿಯನ್ನು ಹಿಂತೆಗೆಯಲಾಯಿತು. ಟಿಕೆಟ್ ಕೊಡುವವನಿಲ್ಲದ ಜಾಗದಲ್ಲಿ ಗಿಡಕ್ಕೆ ನೀರೆರೆಯುವವನಾದರೂ ಎಲ್ಲಿಂದ ಬರಬೇಕು?

ಬಂದವರು ಊರಿನವರೇ. 1980ರ ದಶಕದಲ್ಲಿ ಸೆಟಲ್-ಕಾರ್ಲೈಲ್ ಮಾರ್ಗವನ್ನು ಮುಚ್ಚಲು ಹೊರಟಾಗ ಸಾವಿರಾರು ಜನ ಆಕ್ಷೇಪ ಸಲ್ಲಿಸಿದರು. 1989ರಲ್ಲಿ ಸರಕಾರ ಹಿಂದೆ ಸರಿಯಿತು. ಮುಂದೆ ದೇಶದ ಹಲವೆಡೆ ಜನರು ನಿಲ್ದಾಣಗಳನ್ನು 'ದತ್ತು' ಪಡೆದು ಗುದ್ದಲಿ ಹಿಡಿದರು. ಟಾಡ್‌ಮರ್ಡನ್ ಎಂಬ ಪಟ್ಟಣದಲ್ಲಿ 2008ರಲ್ಲಿ ಆರಂಭವಾದ ಆಂದೋಲನವೊಂದು ಸಾರ್ವಜನಿಕ ಸ್ಥಳಗಳಲ್ಲಿ ಸೊಪ್ಪು-ತರಕಾರಿ ಬೆಳೆಸಿ, ಬೇಕಾದವರು ಕಿತ್ತುಕೊಳ್ಳಲಿ ಎಂದಿತು. ಅಲ್ಲಿನ ರೈಲು ನಿಲ್ದಾಣವೂ ಅದರಲ್ಲಿ ಸೇರಿತು.

ಇಂದಿನ ಇಂತಹ ತೋಟಗಳಲ್ಲಿ ಅನೇಕವು ಕೇವಲ ಕಣ್ಣಿಗೆ ಹಬ್ಬವಲ್ಲ. 1930ರ ದಶಕದಿಂದೀಚೆಗೆ ಬ್ರಿಟನ್ ತನ್ನ ಕಾಡುಹೂಗಳ ಹುಲ್ಲುಗಾವಲಿನ ಶೇ. 97ರಷ್ಟನ್ನು ಕಳೆದುಕೊಂಡಿದೆ ಎಂದು ಅಂದಾಜು. ಆದ್ದರಿಂದ ಜೇನಿಗೆ, ಚಿಟ್ಟೆಗೆ ಬೇಕಾದ ಹೂಗಿಡಗಳನ್ನು ನೆಡುತ್ತಾರೆ. ಹುಳುಗಳಿಗೆಂದು ಕೊಳೆತ ಮರದ ದಿಮ್ಮಿಯನ್ನು ಹಾಗೇ ಬಿಡುತ್ತಾರೆ.

ರೈಲು ಗಿಡಗಳನ್ನು ಹೊತ್ತು ಸಾಗಿದ ಕಥೆಯೂ ಇದೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಕಡೆಯ ಹಳದಿ ಹೂವಿನ ಗಿಡವೊಂದು ಆಕ್ಸ್‌ಫರ್ಡಿನ ಸಸ್ಯೋದ್ಯಾನಕ್ಕೆ ಬಂದಿತ್ತು. 1844ರಲ್ಲಿ ರೈಲು ಆ ಊರನ್ನು ತಲುಪಿದ ಮೇಲೆ, ಲಾವಾ ನೆಲವನ್ನೇ ಹೋಲುವ ಹಳಿಯ ಕಲ್ಲು-ಬೂದಿಯಲ್ಲಿ ಅದು ಬೇರೂರಿ ದೇಶವಿಡೀ ಹಬ್ಬಿತು. ಆಕ್ಸ್‌ಫರ್ಡಿನಲ್ಲಿ ಬೋಗಿಯೊಳಗೆ ತೇಲಿ ಬಂದ ಅದರ ಬೀಜ ಸುಮಾರು 40 ಕಿ.ಮೀ. ದೂರದ ಟೈಲ್‌ಹರ್ಸ್ಟ್‌ನಲ್ಲಿ ಹೊರಹಾರಿದ್ದನ್ನು ಸಸ್ಯವಿಜ್ಞಾನಿ ಜಾರ್ಜ್ ಡ್ರೂಸ್ ಕಂಡಿದ್ದರು. ಆ ಪರದೇಶಿ ಗಿಡ ಈಗ ಅಲ್ಲಿನ ಪತಂಗದ ಮರಿಗಳಿಗೂ ಆಹಾರ.

ಹಾಗೆಂದು ಜನರ ಶ್ರಮದಾನ ಸರಕಾರದ ಹೊಣೆಗೇಡಿತನಕ್ಕೆ ಪರದೆಯಾಗಬಾರದು. ಹೂವು ಎಷ್ಟೇ ಅರಳಿದರೂ ಮುದುಕಿಯ ಗಂಟನ್ನು ರೈಲಿಗೆ ಹತ್ತಿಸಿಕೊಡುವ ಪೋರ್ಟರನ ಕೈ ಅದಕ್ಕಿಲ್ಲ. ಆದರೆ ಜನ ಓಡಾಡುವ, ಜನ ಪ್ರೀತಿಸುವ ನಿಲ್ದಾಣಕ್ಕೆ ಬೀಗ ಹಾಕುವುದು ಸುಲಭವಲ್ಲ ಎಂಬುದನ್ನು ಸೆಟಲ್ ಮಾರ್ಗ ತೋರಿಸಿದೆ.

ನೆಟ್ಟ ಗಿಡದಿಂದ ಹಕ್ಕಿಯೋ ಪ್ರಾಣಿಯೋ ತಿಂದರೂ ನೆಟ್ಟವನಿಗೆ ಅದು ದಾನದ ಪುಣ್ಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ದಾರಿಹೋಕರ ನೆಲದಲ್ಲಿ, ಹೆಸರು ಕೆತ್ತಿಸದೆ ನೆಟ್ಟವರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ.