ಬಂಡೀಪುರದ ಅಂಚಿನ ನಾಯಿಗೆ ಲೈಮ್ ಪರೀಕ್ಷೆ ಬೇಕಾ?

ಹಂಗಳದಲ್ಲಿ ತಿರುಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ಹೋದರೆ, ಹೊಲ ಮುಗಿದು ಕಾಡು ಶುರುವಾಗುವ ಕಡೆ ಆನೆ ಕಂದಕ ಸಿಗುತ್ತೆ. ಉಣ್ಣೆಗೆ ಆ ಕಂದಕದ ಲೆಕ್ಕವೇ ಇಲ್ಲ. ದನ, ಜಿಂಕೆ, ನಾಯಿ, ಯಾರ ಮೈ ಸಿಕ್ಕರೂ ಏರಿಕೊಂಡು ಆಚೀಚೆ ಬರುತ್ತೆ. ನಮ್ಮ ಕೆಂಚ ಊಟ ಬಿಟ್ಟು ಕುಂಟೋಕೆ ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಮೊಬೈಲಿನಲ್ಲೇ ಹುಡುಕಿದೆ. ಸಿಕ್ಕ ಉತ್ತರ: ಲೈಮ್ ರೋಗ.

ಅದು ಅಮೆರಿಕದ ನಾಯಿಗೆ ಸರಿಯಾದ ಉತ್ತರ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಹೆಸರು ಹೊತ್ತ ಈ ಕಾಯಿಲೆಗೆ ಕಾರಣ ಬೊರೀಲಿಯಾ ಬ್ಯಾಕ್ಟೀರಿಯಾ. ಅದನ್ನು ಹರಡೋದು ಇಕ್ಸೋಡಿಸ್ ಜಾತಿಯ ಉಣ್ಣೆ. ನಮ್ಮ ನಾಯಿಗಳ ಕಿವಿಯಲ್ಲಿ ಗೊಂಚಲು ಕಟ್ಟೋದು ಬಹುಪಾಲು ಕಂದು ಬಣ್ಣದ ನಾಯಿ ಉಣ್ಣೆ. ಅದು ತರೋದು ಎರ್ಲಿಕಿಯಾ, ಬೆಬೀಸಿಯಾದಂಥ ರೋಗಾಣುಗಳನ್ನು. ಜ್ವರ, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಕುಂಟುವಿಕೆಯೂ ಇರಬಹುದು, ಗೊಂದಲ ಆಗೋದೇ ಅಲ್ಲಿ.

ಹಾಗಾಗಿ ಮೊದಲು ಮಾಡಿಸಬೇಕಾದ್ದು ರಕ್ತಕಣಗಳ ಎಣಿಕೆ, ಮುಖ್ಯವಾಗಿ ಪ್ಲೇಟ್‌ಲೆಟ್, ಮತ್ತು ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ಅಲ್ಲಿ ಏನೂ ಕಾಣಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ, ಪಿಸಿಆರ್ ಬೇಕಾಗಬಹುದು. ಕೆಲವೇ ಹನಿ ರಕ್ತದಲ್ಲಿ ಲೈಮ್, ಎರ್ಲಿಕಿಯಾ ಎರಡನ್ನೂ ತೋರಿಸುವ ಕಿಟ್‌ಗಳೂ ಇವೆ. ಆದರೆ ಅವು ಹುಡುಕೋದು ಪ್ರತಿಕಾಯವನ್ನು. ಗೆರೆ ಬಂತು ಅಂದರೆ ರೋಗಾಣು ಯಾವಾಗಲೋ ಮೈಸೇರಿತ್ತು ಅಂತಷ್ಟೇ. ಲೈಮ್ ಹೆಚ್ಚಿರುವ ಕಡೆಯಲ್ಲೂ ಪಾಸಿಟಿವ್ ಬಂದ ನಾಯಿಗಳಲ್ಲಿ ಹೆಚ್ಚಿನವು ಕಾಯಿಲೆ ಬೀಳೋದೇ ಇಲ್ಲ. ಪಾಸಿಟಿವ್ ಬಂದರೆ ಮೂತ್ರದಲ್ಲಿ ಪ್ರೋಟೀನ್ ಇದೆಯಾ ನೋಡಿಸಿ. ಈ ರೋಗದಲ್ಲಿ ನಾಯಿಯ ಜೀವ ತೆಗೆಯೋದು ಮೂತ್ರಪಿಂಡದ ತೊಂದರೆ.

ಔಷಧಿ ವಿಷಯದಲ್ಲಿ ಲೈಮ್‌ಗೂ ಎರ್ಲಿಕಿಯಾಕ್ಕೂ ಒಂದೇ ದಾರಿ: ಡಾಕ್ಸಿಸೈಕ್ಲಿನ್, ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಸುಮಾರು 4 ವಾರ. ಐದನೇ ದಿನ ನಾಯಿ ಬಾಲ ಅಲ್ಲಾಡಿಸುತ್ತೆ, ನಾವು ಮಾತ್ರೆ ನಿಲ್ಲಿಸ್ತೀವಿ. ನಾನೂ ನಿಲ್ಲಿಸಿದ್ದೆ, ಬೈಸಿಕೊಂಡೆ. ಕೆಂಚನಿಗೆ ಇದ್ದದ್ದು ಎರ್ಲಿಕಿಯಾ, ಬದುಕಿದ. ಬೆಬೀಸಿಯಾ ಗಿಬ್ಸೋನಿ ಆಗಿದ್ದರೆ ಬರೀ ಡಾಕ್ಸಿ ಸಾಲುತ್ತಿರಲಿಲ್ಲ. ಅದಕ್ಕೆ ಅಟೊವಾಕ್ವೋನ್, ಅಜಿತ್ರೊಮೈಸಿನ್ ಜೋಡಿ ಬೇಕು. ಪರೀಕ್ಷೆ ಮಾಡದೆ "ಉಣ್ಣೆ ಜ್ವರ, ಡಾಕ್ಸಿ ಕೊಡಿ" ಅನ್ನೋದರ ಅಪಾಯ ಇದೇ.

ಹಾಗಂತ ಲೈಮ್ ನಮ್ಮದಲ್ಲ ಅಂತ ಕೈತೊಳೆದುಕೊಳ್ಳೋಕೂ ಆಗಲ್ಲ. ನಾಗರಹೊಳೆ, ಬಂಡೀಪುರ ಕಾಡಿನ ಪ್ರದೇಶದ ಜನರ ರಕ್ತ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಲೈಮ್ ಪ್ರತಿಕಾಯ ಕಂಡಿತ್ತು. ಅದಕ್ಕೂ ಮೊದಲು, 2012ರ ಕೊನೆಯಲ್ಲಿ, ಇದೇ ಬಂಡೀಪುರದಲ್ಲಿ ಮಂಗಗಳು ಸತ್ತು, ಅವುಗಳ ಹೆಣ ಸುಟ್ಟ ಅರಣ್ಯ ಕಾರ್ಮಿಕರಿಗೆ ಮಂಗನ ಕಾಯಿಲೆ ಬಂದಿತ್ತು. ಅದೂ ಉಣ್ಣೆಯದ್ದೇ ಕಾಯಿಲೆ. ನಾಯಿ ಅಂದ ಕೂಡಲೇ ನಮ್ಮ ಚರ್ಚೆ ಬೀದಿನಾಯಿ, ರೇಬೀಸ್‌ನಲ್ಲೇ ಮುಗಿದುಹೋಗುತ್ತೆ. ಆದರೆ ಹುಲ್ಲಿನಲ್ಲಿ ಹೊರಳಿ ಉಣ್ಣೆಯನ್ನು ನಮ್ಮ ಜಗಲಿಗೆ ತರೋದೂ, ನಮಗಿಂತ ಮೊದಲು ಕಚ್ಚಿಸಿಕೊಳ್ಳೋದೂ ಇದೇ ನಾಯಿ. ಕಾಡಂಚಿನ ಹಾಡಿಗಳಲ್ಲಿ ರೇಬೀಸ್ ಲಸಿಕೆ ಹಾಕುವ ದಿನವೇ ಪ್ರತಿ ನಾಯಿಯಿಂದ ಎರಡು ಹನಿ ರಕ್ತವನ್ನೂ ತೆಗೆದುಕೊಂಡರೆ, ಈ ಭಾಗದಲ್ಲಿ ಯಾವ ಉಣ್ಣೆ ಏನು ಹೊತ್ತು ತಿರುಗ್ತಿದೆ ಅನ್ನೋದು ಜನ ಕಾಯಿಲೆ ಬೀಳುವ ಮೊದಲೇ ಗೊತ್ತಾಗುತ್ತೆ.