‘ತಹೂರ್’ ಮತ್ತು ‘ಸಲೀಮಾ’: ಸೂಡಾನ್ ದೇಶದ ಒಂದು ಆಚಾರದ ಇತಿಹಾಸ

ಶಬ್ದದ ಯೋಗಾರ್ಥವು ಒಂದಾಗಿದ್ದು ರೂಢ್ಯರ್ಥವು ಬೇರೊಂದಾಗುವುದನ್ನು ಶಾಸ್ತ್ರಜ್ಞರೆಲ್ಲರೂ ಬಲ್ಲರು. ದರ್ಭೆಯನ್ನು ಕೊಯ್ಯುವವನೆಂಬ ಅರ್ಥದಿಂದ ಹೊರಟ ‘ಕುಶಲ’ ಶಬ್ದವು ನಿಪುಣನೆಂಬ ಅರ್ಥದಲ್ಲಿ ನೆಲೆಗೊಂಡುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇಂತಹ ವ್ಯತ್ಯಾಸದಿಂದ ಸಾಮಾನ್ಯವಾಗಿ ಯಾರಿಗೂ ಹಾನಿಯಿಲ್ಲ. ಆದರೆ ಒಂದು ಶಬ್ದದ ರೂಢಿಯೇ ಬಾಲಿಕೆಯರ ದೇಹಕ್ಕೂ ಮನಸ್ಸಿಗೂ ಗಾಯವಾಗಿ ಪರಿಣಮಿಸಿದ ದೃಷ್ಟಾಂತವು ನೈಲ್ ನದೀತೀರದ ಸೂಡಾನಿನಲ್ಲಿ ದೊರೆಯುತ್ತದೆ. ಅಲ್ಲಿನ ಅರಬ್ಬೀ ಮಾತಿನಲ್ಲಿ ‘ತಹೂರ್’ ಎಂದರೆ ಧಾತ್ವರ್ಥದಿಂದ ಶುದ್ಧಿ. ರೂಢಿಯಿಂದ ಬಾಲಕರ ಸುನ್ನತಿ, ಮತ್ತು ಬಾಲಿಕೆಯರ ಜನನಾಂಗಚ್ಛೇದನ.

ಈ ಎರಡನ್ನೂ ಒಂದೇ ಹೆಸರಿನಿಂದ ಕರೆದರೂ ಇವು ಸಮಾನವಾದ ಕ್ರಿಯೆಗಳಲ್ಲ. ಬಾಲಿಕೆಯರ ವಿಷಯದಲ್ಲಿ ಸೂಡಾನಿನಲ್ಲಿ ಬಹುಕಾಲ ಪ್ರಚುರವಾಗಿದ್ದುದು ‘ಫರವೋನೀಯ’ವೆಂಬ ಪ್ರಕಾರ. ಇದರಲ್ಲಿ ಬಾಹ್ಯಾಂಗವನ್ನು ಛೇದಿಸಿ, ಅಂಚುಗಳನ್ನು ಕೂಡಿಸಿ, ಅತ್ಯಲ್ಪ ರಂಧ್ರವನ್ನು ಮಾತ್ರ ಉಳಿಸುವರು. ರಕ್ತಸ್ರಾವ, ಮೂತ್ರಬಾಧೆ, ಪ್ರಸವಕಾಲದ ಸಂಕಟ ಇವು ಅದರ ಫಲಗಳು. ಆಚಾರವು ಇಸ್ಲಾಂ ಮತಕ್ಕಿಂತ ಪ್ರಾಚೀನವಾದುದೆಂಬುದು ನಿಸ್ಸಂದೇಹ. ಈಜಿಪ್ಟಿನ ಮೆಂಫಿಸ್ ನಗರಕ್ಕೆ ಸಂಬಂಧಿಸಿದ ಕ್ರಿ.ಪೂ. 163ರ ಒಂದು ಗ್ರೀಕ್ ಪತ್ರದಲ್ಲಿ ಕನ್ಯೆಯೊಬ್ಬಳಿಗೆ ನಡೆಯಬೇಕಾಗಿದ್ದ ಛೇದನದ ಪ್ರಸ್ತಾಪವಿದೆ. ಇನ್ನೊಂದು ಸಂಗತಿಯೂ ಗಮನಾರ್ಹವಾದುದು: ಸೂಡಾನಿನವರು ಈ ಪ್ರಕಾರವನ್ನು ಈಜಿಪ್ಟಿನ ಫರವೋ ಅರಸರ ಹೆಸರಿನಿಂದ ಕರೆದರೆ, ಈಜಿಪ್ಟಿನವರು ಅದನ್ನು ‘ಸೂಡಾನೀ’ ಎನ್ನುವರು. ಆಚಾರವನ್ನು ಬಿಡದವರೂ ಅದರ ಜನ್ಮಭಾರವನ್ನು ನೆರೆಯವರ ಮೇಲೆ ಹೊರಿಸಿದರು.

ಹಾಗಾದರೆ ತಾಯಂದಿರು ಇದಕ್ಕೆ ಒಡಂಬಟ್ಟುದು ಹೇಗೆ? ಕ್ರೌರ್ಯವೆಂದರೆ ಉತ್ತರವಾಗದು. ಛೇದನವಾಗದವಳನ್ನು ‘ಘಲ್ಫಾ’ ಎನ್ನುತ್ತಿದ್ದರು. ಅದು ಬೈಗುಳ. ಹಾಗೆನಿಸಿಕೊಂಡವಳು ಅಶುದ್ಧಳು, ವಿವಾಹಕ್ಕೆ ಅನರ್ಹಳು. ವಿವಾಹವೊಂದೇ ಸ್ತ್ರೀಗೆ ಆಶ್ರಯವಾಗಿದ್ದ ಸಮಾಜದಲ್ಲಿ ಮಗಳನ್ನು ಆ ಹೆಸರಿನಿಂದ ಕಾಪಾಡುವುದೇ ವಾತ್ಸಲ್ಯವೆನಿಸಿತು. ಆದುದರಿಂದಲೇ ಆ ದಿನವು ಉತ್ಸವವಾಯಿತು. ಹತ್ತು ವರ್ಷವೂ ತುಂಬದ ಹುಡುಗಿಗೆ ಗೋರಂಟಿ ಹಚ್ಚಿ, ಆಭರಣವಿಟ್ಟು, ಉಡುಗೊರೆಗಳನ್ನಿತ್ತು, ಮದುವಣಗಿತ್ತಿಯಂತೆ ಸಿಂಗರಿಸುವರು. ಬಳಿಕ ಆಕೆಯು ಯಾರನ್ನು ನಂಬಿರುವಳೋ ಆ ಬಂಧುಸ್ತ್ರೀಯರೇ ಆಕೆಯನ್ನು ಹಿಡಿದುಕೊಳ್ಳುವರು.

ಮನೋವ್ಯಥೆಯ ಮೂಲವು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಶತ್ರುವಿನಿಂದಾದ ಗಾಯವನ್ನು ಗಾಯವೆಂದು ಹೇಳಬಹುದು. ಪ್ರೀತಿಸುವವರು ಶುದ್ಧಿಯೆಂದು ಹೆಸರಿಟ್ಟು ಮಾಡಿದ ಗಾಯವನ್ನು ಹೇಳುವುದಕ್ಕೆ ಮಾತೇ ಇಲ್ಲ. ಸೂಡಾನಿನ ವೈದ್ಯೆ ಅಸ್ಮಾ ಎಲ್ ದಾರೀರ್ ಅವರು ತಮ್ಮ ದೇಶದ ಸ್ತ್ರೀಪುರುಷರನ್ನು ವಿಚಾರಿಸಿ 1982ರಲ್ಲಿ ಪ್ರಕಟಿಸಿದ ಗ್ರಂಥವು ಆ ಮೌನವನ್ನು ಮುರಿದ ಕೃತಿಗಳಲ್ಲೊಂದು. ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಡಕಾರ್ ನಗರದಲ್ಲಿ ಛೇದನಕ್ಕೊಳಗಾದ 23 ಮಂದಿ ಸ್ತ್ರೀಯರನ್ನೂ ಒಳಗಾಗದ 24 ಮಂದಿಯನ್ನೂ ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಶೋಧನೆಯಂತೆ, ಮೊದಲನೆಯ ವರ್ಗದಲ್ಲಿ ನೂರಕ್ಕೆ ಸುಮಾರು 30 ಮಂದಿಯಲ್ಲಿ ಆಘಾತೋತ್ತರ ಮನೋರೋಗದ ಲಕ್ಷಣಗಳು ಕಂಡುಬಂದುವು. ಪರೀಕ್ಷಿತರ ಸಂಖ್ಯೆಯು ಅಲ್ಪವಾದರೂ, ಉತ್ಸವದ ಸಡಗರವು ವ್ಯಥೆಯನ್ನು ಮುಚ್ಚುವುದೇ ಹೊರತು ಅಳಿಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಆಚಾರವನ್ನು ನಿಲ್ಲಿಸುವ ಪ್ರಯತ್ನಗಳಲ್ಲಿ ಮೊದಲನೆಯವು ಪರಕೀಯಾಧಿಕಾರದಿಂದ ಬಂದುವು. ಮೇಬಲ್ ವುಲ್ಫ್ ಎಂಬ ಆಂಗ್ಲಮಹಿಳೆಯು 1921ರಲ್ಲಿ ಓಮ್ಡುರ್ಮಾನಿನಲ್ಲಿ ಸೂಲಗಿತ್ತಿಯರ ಶಾಲೆಯನ್ನು ನಡೆಸತೊಡಗಿ, ಛೇದನದ ಉಗ್ರತೆಯನ್ನು ಕ್ರಮೇಣ ತಗ್ಗಿಸಲು ಯತ್ನಿಸಿದಳು. 1946ರಲ್ಲಿ ಸರ್ಕಾರವು ಫರವೋನೀಯ ಪ್ರಕಾರವನ್ನು ದಂಡನೀಯವನ್ನಾಗಿ ಮಾಡಿತು. ಶಾಸನದ ಸುದ್ದಿ ಹರಡಿದೊಡನೆ ಅನೇಕರು ಎಳೆಯ ಮಕ್ಕಳಿಗೂ ಅವಸರದಿಂದ ಛೇದನ ಮಾಡಿಸಿದರು. ಅದೇ ವರ್ಷ ನೀಲಿ ನೈಲ್ ತೀರದ ರುಫಾ ಪಟ್ಟಣದಲ್ಲಿ ಈ ಅಪರಾಧಕ್ಕಾಗಿ ಒಬ್ಬ ಸ್ತ್ರೀಯನ್ನು ಬಂಧಿಸಲು, ಮಹಮೂದ್ ಮಹಮ್ಮದ್ ತಾಹಾ ಅವರ ಮುಂದಾಳುತನದಲ್ಲಿ ಜನರು ದಂಗೆಯೆದ್ದರು. ತಾಹಾ ಅವರಿಗೆ ಎರಡು ವರ್ಷಗಳ ಸೆರೆವಾಸವಾಯಿತು. ತಾಹಾ ಆಚಾರದ ಪಕ್ಷಪಾತಿಯಾಗಿರಲಿಲ್ಲ. ಪರಕೀಯರ ಬಲಾತ್ಕಾರವನ್ನು ವಿರೋಧಿಸಿದರು. ಇದೇ ರುಫಾದಲ್ಲಿಯೇ ಬಾಬಿಕರ್ ಬದ್ರಿ ಅವರು 1907ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದಿದ್ದರು. ತನ್ನವನೊಬ್ಬನು ತಂದ ವಿದ್ಯೆಯನ್ನು ಸ್ವೀಕರಿಸಿದ ಊರು, ಹೊರಗಿನವರು ತಂದ ದಂಡವನ್ನು ತಿರಸ್ಕರಿಸಿತು.

ಆ ಬೀಜವು ಮುಂದೆ ಫಲಿಸಿತು. ಬದ್ರಿಯವರ ಹೆಸರಿನ ಸ್ತ್ರೀವಿಷಯಕ ವಿದ್ವತ್ಸಂಘವು 1979ರಲ್ಲಿ ಸ್ಥಾಪಿತವಾಗಿ, ಈ ಆಚಾರದ ವಿರುದ್ಧ ದೇಶೀಯರಿಂದಲೇ ಬೋಧನೆ ನಡೆಯಿತು. 2008ರಲ್ಲಿ ಸೂಡಾನಿನ ಶಿಶುಕಲ್ಯಾಣ ಮಂಡಲಿಯೂ ಯುನಿಸೆಫ್ ಸಂಸ್ಥೆಯೂ ಕೂಡಿ ಒಂದು ಹೊಸ ಮಾರ್ಗವನ್ನು ಹಿಡಿದುವು. ‘ಘಲ್ಫಾ’ ಎಂಬ ಬೈಗುಳಕ್ಕೆ ಪ್ರತಿಯಾಗಿ ‘ಸಲೀಮಾ’ ಎಂಬ ಶಬ್ದವನ್ನು ಪ್ರಚಾರಕ್ಕೆ ತಂದುವು. ‘ಸಲಾಮ್’ ಹುಟ್ಟಿದ ಧಾತುವಿನಿಂದಲೇ ಹುಟ್ಟಿದ ಈ ಮಾತಿಗೆ ಊನವಿಲ್ಲದವಳು, ದೇವರು ಸೃಷ್ಟಿಸಿದಂತೆ ಪೂರ್ಣಳಾದವಳು ಎಂದು ಅರ್ಥ. ನಮ್ಮ ‘ಅಕ್ಷತ’ ಶಬ್ದದ ಯೋಗಾರ್ಥವು ಇದಕ್ಕೆ ಸಮೀಪವಾದುದು.

ಇದರಿಂದ ಎಲ್ಲವೂ ಸಾಧಿತವಾಯಿತೆನ್ನಲಾಗದು. 2014ರ ಸಮೀಕ್ಷೆಯಂತೆ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 87 ಮಂದಿ ಛೇದನಕ್ಕೊಳಗಾದವರು. ಆದರೆ ಆಚಾರವು ಮುಂದುವರಿಯಬೇಕೆಂದವರು ನೂರಕ್ಕೆ ಸುಮಾರು 41 ಮಂದಿ ಮಾತ್ರ. ಈ ಎರಡು ಅಂಕಿಗಳ ನಡುವಣ ಅಂತರವೇ ಬಾಯಿಗೆ ಬಂದ ಹಳೆಯ ಮೌನ. 2020ರಲ್ಲಿ ಸೂಡಾನಿನ ಸರ್ಕಾರವೇ ಎಲ್ಲ ಪ್ರಕಾರಗಳನ್ನೂ ನಿಷೇಧಿಸಿ, ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು.

ಶಾಸನವು ಅವಶ್ಯಕ. ಆದರೆ ಶಬ್ದವು ಬದಲಾಗದೆ ಬಂದ ಶಾಸನದ ಗತಿಯನ್ನು 1946ರಲ್ಲಿ ಕಂಡೆವು. ಶುದ್ಧಿಯೆಂಬ ಹೆಸರು ಛೇದನವನ್ನು ಬಿಟ್ಟು ಅಚ್ಛೇದನವನ್ನು ಸೇರಿದಂದು ತಾಯಿಯ ವಾತ್ಸಲ್ಯವೇ ಮಗಳಿಗೆ ರಕ್ಷೆಯಾದೀತು. ಶಬ್ದಗಳನ್ನು ಪಾಲಿಸುವ ನಾವು, ಯಾವ ಶಬ್ದವು ಯಾರ ನೋವನ್ನು ಮರೆಮಾಡಿದೆಯೆಂಬುದನ್ನೂ ಪರೀಕ್ಷಿಸುವುದು ಕರ್ತವ್ಯ.